ನನ್ನ ಶ್ರುತಿ ತಪ್ಪಿರಲಿಲ್ಲ

ಜಹೀರಾಬಾದಿನಲ್ಲಿ ನಮ್ಮ ಮನೆತನ ಯಾವುದೆಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಮಾವನವರ ತಂದೆಯ ಕಾಲದಿಂದ ತೊಗರಿ ವ್ಯಾಪಾರ. ಅವರ ತಕ್ಕಡಿಯನ್ನು ನಂಬಿ ಕೊಡಂಗಲ್ ಕಡೆಯ ರೈತರೂ ಗಾಡಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದರು. ಶ್ರಾವಣದ ಪ್ರವಚನಕ್ಕೆ ಬರುವ ಸ್ವಾಮಿಗಳ ಮೊದಲ ಊಟ ಇಂದಿಗೂ ನಮ್ಮ ಮನೆಯಲ್ಲೇ. ನನ್ನ ತವರಿನವರೂ ಕಡಿಮೆಯವರಲ್ಲ. ನಮ್ಮ ತಂದೆ ನನ್ನನ್ನು ಹೈದರಾಬಾದಿನ ಕಾನ್ವೆಂಟಿಗೆ ಹಾಕಿದರು. ಅಲ್ಲಿನ ಸಿಸ್ಟರುಗಳು ನೆಟ್ಟಗೆ ಕೂರುವುದನ್ನೂ ನೆಟ್ಟಗೆ ಬರೆಯುವುದನ್ನೂ ಕಲಿಸಿದರು. ಸೊಸೆಯಾಗಿ ಈ ಊರಿಗೆ ಬಂದಂದಿನಿಂದ ವಚನ ಗಾಯನ ಬಳಗದಲ್ಲಿ ಮುಂದೆ ಕೂತು ಹಾಡುವವಳು ನಾನು.

ಅಂಥ ನನಗೇ ನಗೆಪಾಟಲಿನ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ಬರುತ್ತಿವೆ. ನಾನು ನಗುವುದಿಲ್ಲ. ಕೇಳಿದವರು ನಗುತ್ತಾರೆ. ಬೇರೆಯವರು ತಪ್ಪುತಪ್ಪಾಗಿ ಹೇಳಿಕೊಂಡು ತಿರುಗುವ ಮೊದಲು ನಾನೇ ಸರಿಯಾಗಿ ಬರೆದಿಡುತ್ತಿದ್ದೇನೆ.

ಊರೆಲ್ಲ ಕೇಳಿದ ಹಾಡು

ಕಳೆದ ವರ್ಷ ಶ್ರಾವಣಕ್ಕೆ ಮುಂಚೆ ನಮ್ಮ ಬಳಗದ ಹಾಡೊಂದನ್ನು ಧ್ವನಿಮುದ್ರಿಸಿ, ಪ್ರತಿ ಸಂಜೆ ಪ್ರವಚನದ ಮೊದಲು ಧ್ವನಿವರ್ಧಕದಲ್ಲಿ ಹಾಕಬೇಕೆಂದು ಪ್ರವಚನ ಸಮಿತಿ ನಿರ್ಧರಿಸಿತು. ಮುದ್ರಣದ ದಿನ ನಾನು ತಾಂಡೂರಿನಲ್ಲಿ ಮಗಳ ಮನೆಯ ಗೃಹಪ್ರವೇಶದಲ್ಲಿದ್ದೆ. ಉಳಿದವರು ಇಲ್ಲಿ ಸಭಾಭವನದಲ್ಲಿ ಹಾಡಿದರು. ಹಾರ್ಮೋನಿಯಂ ಮಾಸ್ತರರು ಕಳಿಸಿದ ಶ್ರುತಿಯನ್ನೂ ತಾಳವನ್ನೂ ಕಿವಿಯಲ್ಲಿ ಕೇಳಿಸಿಕೊಳ್ಳುತ್ತ ನಾನು ನನ್ನ ಭಾಗವನ್ನು ಫೋನಿನಲ್ಲಿ ಹಾಡಿ ಕಳಿಸಿದೆ. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದವರು ಸಮಿತಿಯ ಕಾರ್ಯದರ್ಶಿಗಳು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು.

ಮೊದಲ ಸಂಜೆ ಧ್ವನಿವರ್ಧಕ ಹಚ್ಚಿದರು. ಬಳಗದ್ದು ಒಂದು ಶ್ರುತಿ, ನನ್ನದು ಅದಕ್ಕಿಂತ ಮೇಲಿನ ಇನ್ನಾವುದೋ ಶ್ರುತಿ. ಅವರು ಇನ್ನೂ ಹಾಡುತ್ತಿರುವಾಗಲೇ ನಾನು ಮುಗಿಸಿ ಸುಮ್ಮನಾಗಿಬಿಟ್ಟಿದ್ದೆ. ಮರುದಿನ ತರಕಾರಿಯವಳು ಕೇಳಿದಳು: "ಅಕ್ಕೋರೇ, ನಿನ್ನಿ ಭಾಳ ಗಡಿಬಿಡಿ ಇತ್ತೇನ್ರಿ? ಎಲ್ಲಾರ್ಗಿಂತ ಮೊದಲ ಹಾಡಿ ಎದ್ದ್ ಹೋದಂಗಿತ್ತು."

ಕಾರ್ಯದರ್ಶಿಗಳನ್ನು ವಿಚಾರಿಸಿದೆ. "ವಯಸ್ಸಾದ ಮ್ಯಾಲ ದನಿ ಹಿಂಗ ಜಾರ್ತದ್ರಿ ಅಕ್ಕೋರೇ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ಶ್ರಾವಣಕ್ಕ ನಮ್ಮ ನಾದಿನಿ ಮುಂದ ಕೂಡ್ತಾಳ" ಎಂದರು.

"ನೀವು ಜೋಡ್ಸೋದ್ರಾಗ ಏನರೆ ತಪ್ಪಾಗ್ಯದೇನ್ರಿ?"

"ಇದು ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಅದರಿ. ನಿಮಗ ತಿಳ್ಯಾಂಗಿಲ್ಲ, ಬಿಡ್ರಿ."

ಜಾರುವ ದನಿ ಕೆಳಗೆ ಹೋಗುತ್ತದೆ, ಮೇಲೆ ಹೋಗುವುದಿಲ್ಲ ಎಂಬ ಮಾತು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಆ ತಿಂಗಳು ಪೂರ್ತಿ ಪ್ರತಿ ಸಂಜೆ ನಮ್ಮ ಓಣಿಯ ನಾಯಿ ಹಾಡಿನೊಂದಿಗೆ ಊಳಿಟ್ಟಿತು. ಬಳಗದ ಶ್ರುತಿಗಲ್ಲ, ನನ್ನ ಶ್ರುತಿಗೇ ಸರಿಯಾಗಿ. ಇದನ್ನು ಗಮನಿಸಿ ನನಗೆ ತಿಳಿಸಿದವರು ನಮ್ಮ ಯಜಮಾನರು.

ಕೆಂಪು ಪೆನ್ನು

ತಿಳಿಯುವುದಿಲ್ಲ ಎಂದದ್ದನ್ನು ತಿಳಿದುಕೊಳ್ಳುವುದೆಂದು ನಿಶ್ಚಯಿಸಿದೆ. ತಾಂಡೂರಿನಲ್ಲಿ ಕಾಲೇಜು ಪುಸ್ತಕದ ಅಂಗಡಿಗೆ ಹೋಗಿ, ಪ್ರೋಗ್ರಾಂ ಬರೆಯುತ್ತ ಸಿಗ್ನಲ್ ಪ್ರೊಸೆಸಿಂಗ್ ಕಲಿಸುವ ಪುಸ್ತಕ ಕೊಡಿ ಎಂದೆ. ಅಂಗಡಿಯವನು ತೆಳ್ಳಗಿನ ಗೈಡು ಮುಂದಿಟ್ಟ.

"ಮೊಮ್ಮಗಗೇನ್ರಿ ಅಮ್ಮಾ? ಇದ್ರಾಗ ಇಂಪಾರ್ಟೆಂಟ್ ಪ್ರಶ್ನಿ ಅಷ್ಟೇ ಇದಾವ. ಪಾಸ್ ಗ್ಯಾರಂಟಿ."

"ನನಗ. ಪಾಸಾಗೋದು ಬ್ಯಾಡ, ತಿಳೀಬೇಕು."

ಇಂಥ ಗಿರಾಕಿ ಬಂದದ್ದಿಲ್ಲವೆಂದು ತೋರುತ್ತದೆ. ಒಳಗೆ ಹೋಗಿ ದಪ್ಪ ಪುಸ್ತಕವನ್ನು ಧೂಳು ಕೊಡವಿ ತಂದ.

ಪುಸ್ತಕ ನನಗೆ ಹಿಡಿಸಿತು. ಸಾಲಿನ ಆರಂಭದಲ್ಲಿ ಬಿಡಬೇಕಾದಷ್ಟೇ ಜಾಗ ಬಿಡದಿದ್ದರೆ ಅದರಲ್ಲಿನ ಪ್ರೋಗ್ರಾಂ ಭಾಷೆ ಕೆಲಸವನ್ನೇ ಮಾಡುವುದಿಲ್ಲ. ಈ ಕಾಲದಲ್ಲಿ ಮಾರ್ಜಿನ್ನಿಗೆ ಬೆಲೆ ಕೊಡುವವರು ಇನ್ನೂ ಇದ್ದಾರೆಂದು ಸಂತೋಷವಾಯಿತು. ಆದರೆ ಮೂರನೆಯ ಅಧ್ಯಾಯದ ಒಂದು ಪ್ರೋಗ್ರಾಂ, ಮಗಳು ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ಓಡಲಿಲ್ಲ. ಇಡೀ ದಿನ ನನ್ನ ತಪ್ಪು ಹುಡುಕಿದೆ. ತಪ್ಪು ಪುಸ್ತಕದ್ದು. ಒಂದು ಆವರಣ ಚಿಹ್ನೆಯನ್ನು ಮುಚ್ಚಿರಲಿಲ್ಲ.

ಪುಸ್ತಕವನ್ನು ಅಂಗಡಿಗೆ ಒಯ್ದು, ಸರಿಯಾದ ಪ್ರತಿ ಕೊಡಿ ಎಂದೆ.

"ಅಮ್ಮಾ, ಎಲ್ಲಾ ಕಾಪಿನೂ ಹಿಂಗೇ ಇರ್ತಾವ್ರಿ!"

"ಹಂಗಾರ ಎಲ್ಲಾ ತರ್ರಿ."

ಅವನು ತಂದ. ನಾನು ಸ್ಟೂಲಿನ ಮೇಲೆ ಕೂತು ಪ್ರತಿಯೊಂದರಲ್ಲೂ ಕೆಂಪು ಪೆನ್ನಿನಿಂದ ಆವರಣ ಮುಚ್ಚಿದೆ. ಮುಂದಿನ ಸಲ ಹೋದಾಗ ಆ ಪುಸ್ತಕಗಳೆಲ್ಲ ಮುಂದಿನ ಮೇಜಿನ ಮೇಲಿದ್ದವು. ಮೇಲೊಂದು ಚೀಟಿ: 'ಜಹೀರಾಬಾದ್ ಮೇಡಂ ಚೆಕ್ ಮಾಡಿದ ಕಾಪಿ'.

ಯಜಮಾನರ ಕಿವಿ

ಪುಸ್ತಕದಲ್ಲಿ ನನಗೆ ಮೊದಲು ಕೈವಶವಾದದ್ದು ಶುದ್ಧ ಸ್ವರವನ್ನು ಹುಟ್ಟಿಸುವುದು. ಎಷ್ಟು ಕಂಪನ, ಎಷ್ಟು ಹೊತ್ತು, ಎಷ್ಟು ಜೋರು ಎಂದು ಬರೆದರೆ ಕಂಪ್ಯೂಟರು ಅಷ್ಟನ್ನೇ ನುಡಿಯುತ್ತದೆ. ವಯಸ್ಸಾದಂತೆ ಕಿವಿಗೆ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗುತ್ತದೆ ಎಂದೂ ಅಲ್ಲಿ ಬರೆದಿತ್ತು. ನಮ್ಮ ಯಜಮಾನರಿಗೆ ಕಿವಿ ಮಂದ. ಗಿರಣಿಯಿಂದ ಹಿಟ್ಟು ತನ್ನಿ ಎಂದರೆ ಕೇಳುವುದಿಲ್ಲ, ನಮ್ಮ ಅಣ್ಣನ ಮನೆಗೆ ಹೋಗೋಣ ಎಂದರಂತೂ ಕೇಳುವುದೇ ಇಲ್ಲ. ಪಾಪ ಎಂದುಕೊಂಡು ಅವರ ಕಿವಿ ಪರೀಕ್ಷಿಸುವುದೆಂದು ಯೋಚಿಸಿದೆ.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೇಳಿಸಿದಾಗ ಬೆರಳು ಎತ್ತಿ ಎಂದೆ. ಕೆಳಗಿನ ಸ್ವರಕ್ಕೆ ಬೆರಳು ಎತ್ತಿದರು. ನಡುವಿನದಕ್ಕೆ ಎತ್ತಿದರು. ಮೇಲಿನದಕ್ಕೂ ಎತ್ತಿದರು. ಸದ್ದು ತಗ್ಗಿಸುತ್ತ ಹೋದೆ, ನನಗೇ ಕೇಳದಷ್ಟು ತಗ್ಗಿಸಿದೆ. ಅವರು ಪರೀಕ್ಷೆಯಲ್ಲಿ ಗೆಲ್ಲುತ್ತಿರುವ ಹುರುಪಿನಲ್ಲಿ ಬೆರಳು ಎತ್ತುತ್ತಲೇ ಇದ್ದರು. ಕೊನೆಗೆ ನನ್ನ ಮುಖ ನೋಡಿದರು. ಬೆರಳು ಮೆಲ್ಲಗೆ ಕೆಳಗಿಳಿಯಿತು.

"ಭಾರೀ ಛಲೋ ಅದ ನಿಮ್ಮ ಕಿವಿ" ಎಂದೆ.

ಅವರು ಕುರ್ಚಿಯಿಂದ ಏಳುತ್ತ, "ಇನ್ನ ಮ್ಯಾಲ ಮೊಣಕಾಲ್ ನೋವು ಅಂತ ಹೇಳಬೇಕಾತು" ಎಂದರು.

ನಾರಾಯಣಖೇಡದ ಬಲೂನು

ಒಂದು ಕೋಣೆಯ ಪ್ರತಿಧ್ವನಿಯನ್ನು ಹಿಡಿಯಬೇಕಾದರೆ ಅಲ್ಲಿ ಬಲೂನು ಒಡೆದು ಧ್ವನಿಮುದ್ರಿಸಬೇಕು. ಆಮೇಲೆ ಮನೆಯಲ್ಲಿ ಆಡಿದ ಮಾತನ್ನೂ ಲೆಕ್ಕದಿಂದಲೇ ಆ ಕೋಣೆಯಲ್ಲಿ ಆಡಿದಂತೆ ಕೇಳಿಸಬಹುದು. ಇದು ಪುಸ್ತಕದ ನಡುಭಾಗದ ಪಾಠ.

ಅದೇ ವಾರ ನಾರಾಯಣಖೇಡದಲ್ಲಿ ಯಜಮಾನರ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ. ದೊಡ್ಡ ಫಂಕ್ಷನ್ ಹಾಲು. ಗೋಡೆಯ ತುಂಬ ಬಲೂನು. ಇದಕ್ಕಿಂತ ಹೆಚ್ಚಿನ ಅನುಕೂಲ ಎಲ್ಲಿ ಸಿಗುತ್ತದೆ? ನಾನು ನಡುವೆ ನಿಂತು, "ಎಲ್ಲಾರೂ ಜರಾ ಸುಮ್ಮನಿರ್ರಿ" ಎಂದೆ. ಹಿರಿಯಳು ಜೋಗುಳ ಹಾಡುತ್ತಾಳೆಂದು ಎಲ್ಲರೂ ಕೈ ಕಟ್ಟಿಕೊಂಡು ಕೂತರು. ನಾನು ಫೋನು ಚಾಲೂ ಮಾಡಿ, ಸೂಜಿ ಚುಚ್ಚಿದೆ.

ಪ್ರತಿಧ್ವನಿ ಅತ್ಯುತ್ತಮವಾಗಿ ಬಂತು. ಅದರ ಬಾಲಕ್ಕೇ ಕೂಸು ಕಿರುಚಿತು. ಯಜಮಾನರ ತಂಗಿ ಹತ್ತಿರ ಬಂದು, "ವೈನಿ, ಎಲ್ಲಾರೂ ಕೂಸಿಗಿ ಅಂಗಿ, ಕುಲಾವಿ ತಂದಾರ. ನೀವ್ ತಂದಿದ್ದು ಇದೇ ಏನ್ರಿ?" ಎಂದಳು. ಬೆಳ್ಳಿಯ ಉಡಿದಾರವನ್ನು ತಕ್ಷಣ ಚೀಲದಿಂದ ತೆಗೆದು ಕೊಟ್ಟೆ.

ಮನೆಗೆ ಬಂದು, "ಚಾ ಆತೇನು?" ಎಂಬ ಯಜಮಾನರ ಮಾತನ್ನು ಆ ಹಾಲಿನ ಪ್ರತಿಧ್ವನಿಗೆ ಸೇರಿಸಿದೆ. ಲೆಕ್ಕ ಸರಿಯಾಗಿತ್ತು. ಆದರೆ ಬಲೂನಿನ ಜೊತೆ ಕೂಸಿನ ಅಳುವೂ ಮುದ್ರಣವಾಗಿತ್ತಲ್ಲ? ಅವರ ಒಂದೊಂದು ಅಕ್ಷರದ ಹಿಂದೆಯೂ ಒಂದು ಅಳು ಎಳೆದುಕೊಂಡು ಬಂತು. ಯಜಮಾನರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇಷ್ಟ್ ವರ್ಷ ಆತು, ನನ್ನ ಮನಸ್ಸಿನಾಗಿನ ದನಿ ಇವತ್ತ್ ಹೊರಗ ಬಂತು ನೋಡು" ಎಂದರು.

ಸಮಿತಿಯ ಸಭೆ

ಮುಖ್ಯವಾದ ಪಾಠ ಪುಸ್ತಕದ ಮೊದಲ ಭಾಗದಲ್ಲೇ ಇತ್ತು. ಕಂಪ್ಯೂಟರು ಧ್ವನಿಯನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ನುಡಿಸುವಾಗಲೂ ಅದೇ ಲೆಕ್ಕದಲ್ಲಿ ನುಡಿಸಬೇಕು. ನನ್ನ ಫೋನು ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ ಅಳೆದಿತ್ತು. ಮಾಸ್ತರರಿಂದ ತರಿಸಿಕೊಂಡ ಬಳಗದ ಮುದ್ರಣವನ್ನು ನೋಡಿದರೆ, ಸಭಾಭವನದ ಯಂತ್ರದ್ದು ನಲವತ್ತೆಂಟು ಸಾವಿರ. ಕಾರ್ಯದರ್ಶಿಗಳು ಎರಡನ್ನೂ ನಲವತ್ತೆಂಟು ಸಾವಿರವೆಂದೇ ಹಿಡಿದು ಜೋಡಿಸಿದ್ದರು. ಹಿಂದೆ ಕ್ಯಾಸೆಟ್ಟು ಬೇಗ ತಿರುಗಿದರೆ ದನಿ ಹೇಗೆ ಕೀರಲಾಗಿ ಓಡುತ್ತಿತ್ತೋ ಹಾಗೆ ನನ್ನ ದನಿ ಏರಿತ್ತು, ಓಡಿತ್ತು. ಫೋನಿನಲ್ಲಿದ್ದ ನನ್ನ ಮೂಲ ಹಾಡನ್ನು ಸರಿಯಾದ ಲೆಕ್ಕದಲ್ಲಿ ಬಳಗದ ಹಾಡಿಗೆ ಕೂಡಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ಅಂದು ನಾನು ಯಾರಿಗೂ ಹೇಳದೆ ಹೋಳಿಗೆ ಮಾಡಿದೆ.

ಇದನ್ನು ಸಮಿತಿಗೆ ಸಂಖ್ಯೆಗಳಲ್ಲಿ ವಿವರಿಸಿದರೆ ಕಾರ್ಯದರ್ಶಿಗಳು ಮತ್ತೆ 'ತಿಳ್ಯಾಂಗಿಲ್ಲ' ಎನ್ನುತ್ತಾರೆ. ಕಿವಿಗೇ ತೋರಿಸಬೇಕು. ಮನೆಯಲ್ಲಿ ಹಾರ್ಮೋನಿಯಂ ಜೊತೆ ಹಾಡಿ ಮುದ್ರಿಸಿಕೊಂಡು, ವೇಗ ಏರಿಸಿ ನೋಡಿದೆ. ಎರಡೂ ಜೊತೆಗೇ ಮೇಲೇರಿದವು. ಅಪಸ್ವರವೇ ಇಲ್ಲ! ಹಾಗಾದರೆ ಹಾಡು ಮಾತ್ರ ಮುದ್ರಿತವಾಗಿರಬೇಕು, ಹಾರ್ಮೋನಿಯಂ ಅಲ್ಲೇ ಎದುರಿಗೆ ನುಡಿಯಬೇಕು.

ಈ ವರ್ಷದ ಶ್ರಾವಣಕ್ಕೆ ಸಿದ್ಧತೆಯ ಸಭೆ ಸೇರಿತು. ಕಾರ್ಯದರ್ಶಿಗಳ ನಾದಿನಿಯನ್ನು ಮುಂದೆ ಕೂರಿಸುವ ವಿಷಯ ಅಂದೇ ತೀರ್ಮಾನವಾಗಬೇಕಿತ್ತು. ಎಂದಿನಂತೆ ಕಾರ್ಯದರ್ಶಿಗಳೇ ಪ್ರಾರ್ಥನೆ ಹಾಡಿದರು. ತಮಗೆ ಹಾರ್ಮೋನಿಯಂ ಆಸರೆ ಬೇಕಿಲ್ಲವೆಂಬುದು ಅವರ ಹೆಮ್ಮೆ. ನಾನು ಫೋನಿನಲ್ಲಿ ಮುದ್ರಿಸಿಕೊಂಡೆ. ಸತ್ಯ ಹೇಳುತ್ತೇನೆ, ಚೆನ್ನಾಗಿಯೇ ಹಾಡಿದರು.

ನನ್ನ ಸರದಿ ಬಂದಾಗ ಲ್ಯಾಪ್‌ಟಾಪು ತೆರೆದೆ. ಬೇಕಿದ್ದರೆ ಅವರ ದನಿಯನ್ನು ಇಮ್ಮಡಿ ವೇಗಕ್ಕೆ ಏರಿಸಬಹುದಿತ್ತು. ಅದು ನ್ಯಾಯವಲ್ಲ. ನನಗೆ ಅವರು ಮಾಡಿದಷ್ಟೇ ಮಾಡಿದೆ, ಹೆಚ್ಚಿಲ್ಲ. ಹಾರ್ಮೋನಿಯಂ ಮಾಸ್ತರರಿಗೆ, "ಈಗ ಹಾಡಿದ ಪ್ರಾರ್ಥನೆಯ ಶ್ರುತಿ ಹಿಡೀರಿ" ಎಂದೆ. ಅವರು ಹಿಡಿದರು. ಅದರ ಮೇಲೆ ಹಾಡು ಬಿಟ್ಟೆ.

ಮೊದಲ ಸಾಲಿಗೇ ಅಧ್ಯಕ್ಷರು ಹಲ್ಲು ಕಚ್ಚಿದರು. ಎರಡನೆಯ ಸಾಲಿಗೆ ಬಳಗದ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿದರು. ಕಾರ್ಯದರ್ಶಿಗಳು ಎದ್ದೇಬಿಟ್ಟರು.

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಯಾರ್ರಿ ಇಂವ? ಶ್ರುತಿ ಅಂದ್ರ ಏನಂತ ಗೊತ್ತಿಲ್ಲ ಇಂವಗ. ಕತ್ತೆ ಒದರಿದಂಗ ಒದರ್ಲಿಕತ್ಯಾನ! ಇಂಥವರ್ನ ಹಾಡಾಕ ಯಾರ್ ಕರೀತಾರ್ರಿ?"

ಹಾರ್ಮೋನಿಯಂ ಮಾಸ್ತರರು ತಿದಿ ಒತ್ತುವುದನ್ನು ನಿಲ್ಲಿಸಿ ಹೇಳಿದರು: "ಸಾರ್, ನೀವೇರಿ. ಈಗಷ್ಟೇ ಹಾಡಿದ್ರಲ್ಲ."

ಸಭೆಯಲ್ಲಿ ಎದ್ದ ನಗೆಗೆ ಹೊರಗೆ ಚಪ್ಪಲಿ ಬಿಡುತ್ತಿದ್ದವರೂ ಒಳಗೆ ಓಡಿಬಂದರು. ನಮ್ಮ ಯಜಮಾನರು ಕಂಬ ಹಿಡಿದುಕೊಂಡು ನಗುತ್ತಿದ್ದರು. ಕಾರ್ಯದರ್ಶಿಗಳ ಮುಖ ಕೆಂಪಾಯಿತು.

"ಛೇ ಛೇ, ಇದು ನನ್ನ ದನಿ ಅಲ್ರಿ! ಬಿಲ್ಕುಲ್ ಅಲ್ಲ! ಕಂಪ್ಯೂಟರ್‌ದಾಗ ಏನೋ ತಪ್ಪಾಗ್ಯದ!"

"ಈ ಮಾತು ಸಭೆಯ ನಡಾವಳಿಯೊಳಗ ಬರೀರಿ" ಎಂದೆ.

ನಮ್ಮ ಸಮಿತಿಯಲ್ಲಿ ನಡಾವಳಿ ಬರೆಯುವ ಕೆಲಸ ಕಾರ್ಯದರ್ಶಿಗಳದೇ. ಅಧ್ಯಕ್ಷರು, "ಬರೀರಿ ಸಾರ್, ನೀವೇ ಹೇಳೀರಲ್ಲ" ಎಂದರು. ಅವರು ಬರೆದರು. ಒಂದು ಕಾಗುಣಿತ ತಪ್ಪಿತ್ತು, ನಾನು ತಿದ್ದಿಸಿದೆ. ಆಮೇಲೆ ನನ್ನ ಹಾಡನ್ನು ಸರಿಯಾದ ಲೆಕ್ಕದಲ್ಲಿ ಕೇಳಿಸಿದೆ. ಅವರ ನಾದಿನಿಯೇ ಎದ್ದು ಬಂದು ನನ್ನ ಕಾಲಿಗೆ ನಮಸ್ಕರಿಸಿ, "ಮುಂದ ನೀವೇ ಕೂಡ್ರಿ ಅಕ್ಕೋರೇ, ನನಗ ಮೊದಲ ಅಂಜಿಕಿ ಆಗಿತ್ತು" ಎಂದಳು. ಒಳ್ಳೆಯ ಹುಡುಗಿ.

ಕಾರ್ಯದರ್ಶಿಗಳು ಹೊರಡುವಾಗ, "ಆತು ಬಿಡ್ರಿ, ಆಗಿದ್ದು ಆಗಿ ಹೋತು" ಎಂದರು. ಅದು ಕ್ಷಮೆಯಲ್ಲ. ನನ್ನ ದನಿ ಜಾರಿದೆ ಎಂದು ಒಂದು ತಿಂಗಳು ಪೂರ್ತಿ ಊರು ನಂಬಿತು. ಶ್ರಾವಣದ ಮೊದಲ ಸಂಜೆ, ಪ್ರವಚನಕ್ಕೆ ಮುಂಚೆ, ಊರಿಗೆಲ್ಲ ಕೇಳುವಂತೆ ಧ್ವನಿವರ್ಧಕದಲ್ಲಿ ಅವರು ನನ್ನ ಕ್ಷಮೆ ಕೇಳಬೇಕು.