ಎಕಂಬಾದ ಕುರಿಗಳಿಗೆ ಬಾಣ ಎಳೆದವರು

ಊರು ನೋಡದೆ ಊರಿನ ಭವಿಷ್ಯ ಹೇಳುವವರು ವರ್ಷಕ್ಕೊಬ್ಬರಾದರೂ ಬೀದರಿಗೆ ಬರುತ್ತಾರೆ. ಅವರಿಗೆ ದುಭಾಷಿಯಾಗುವ ಕರ್ಮ ನನ್ನದು. ಈ ಸಲ ಬಂದವರು ದಿಲ್ಲಿಯ ತಜ್ಞರೊಬ್ಬರು. ಮಳೆ, ಬೆಳೆ, ಜನ, ಜಾನುವಾರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ವೃತ್ತ ಮಾಡಿ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಆ ಊರು ಸ್ಥಿರವಾಗಿರುತ್ತದೋ ಇಲ್ಲವೋ ಹೇಳುವುದು ಅವರ ಕಸುಬು. ಅದಕ್ಕೆ ಮಾಡೆಲ್ ಅನ್ನುತ್ತಾರೆ. ಔರಾದ ತಾಲ್ಲೂಕಿನ ಎಕಂಬಾಕ್ಕೆ ದನದ ದವಾಖಾನೆ ಬೇಕೋ ಬೇಡವೋ ಎಂಬುದನ್ನೂ ಅದೇ ಹೇಳಬೇಕಂತೆ. ಕುರಿ ಸಾಯುವುದು ಎಕಂಬಾದಲ್ಲಿ, ಬಾಣ ಎಳೆಯುವುದು ಬೀದರಿನ ಎ.ಸಿ. ಕೋಣೆಯಲ್ಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಣ ಎಳೆದಾದ ಮೇಲೆ ಅಂಕಿ ತುಂಬಲು ಊರೂರು ತಿರುಗಿದೆವು.

ಹತ್ತಕ್ಕೆ ಎರಡು

ಹಲಬರ್ಗಾದಲ್ಲಿ ಒಬ್ಬ ರೈತನಿಗೆ ತಜ್ಞರ ಪ್ರಶ್ನೆ ಓದಿ ಹೇಳಿದೆ: "ನಿಮ್ಮಲ್ಲಿ ಸ್ಥಿರತೆ ಎಷ್ಟಿದೆ?"

ಆತ ಗಾಬರಿಯಾದ. "ಸ್ಥಿರ ಆಸ್ತಿ ಎರಡೇ ಎಕರೆ ಅದರಿ. ಅದೂ ಅಣ್ಣನ ಹೆಸರಿನ್ಯಾಗ ಅದ."

ಆತ ಅಂದದ್ದನ್ನು ಹಿಂದಿಯಲ್ಲಿ ಹೇಳಿ, ಅರ್ಥ ಬೇರೆಯಾಯಿತೆಂದು ತಜ್ಞರಿಗೆ ತಿಳಿಸಲು ಹೋದೆ. "ದತ್ತಾಂಶಕ್ಕೆ ಕೈ ಹಚ್ಚಬೇಡಿ" ಎಂದು ಗದರಿ, ಬರೆದುಕೊಂಡರು: ಸ್ಥಿರತೆ, ಹತ್ತಕ್ಕೆ ಎರಡು.

ಹೊರಗಿನವರು

ಭಾಲ್ಕಿಯ ಚಹಾದಂಗಡಿಯ ಬಾಗಿಲಲ್ಲೇ ನಿಂತು ತಜ್ಞರು ಲ್ಯಾಪ್‌ಟಾಪ್ ತೆರೆದರು. ಅಂಗಡಿ ನಡೆಸುವ ಹೆಂಗಸು ಇಣುಕಿ ನೋಡಿದಳು.

"ಜಿಲೇಬಿ ಹಾಕೀರೇನ್ರಿ?"

ಇದು ನಿಮ್ಮ ತಾಲ್ಲೂಕು ಅಂದೆ.

"ಇದರಾಗ ಸಾಹೇಬ್ರು ಎಲ್ಲಿ ಅದಾರ?"

ಕೇಳಿ ಹೇಳಿದೆ: "ಅವರು ಹೊರಗಿನಿಂದ ನೋಡೋರಂತ."

"ಹಂಗಾದ್ರ ಹೊರಗ ನಿಂದ್ರಲಿ. ಗಿರಾಕಿ ಒಳಗ ಬರಬೇಕು."

ಬರಾಬರ್

ಎಕಂಬಾದಲ್ಲಿ ತಜ್ಞರು ಮನೆಮನೆಗೆ ಹೋಗಿ ಹೇಗಿದ್ದೀರಿ ಎಂದು ಕೇಳಿಸಿದ್ದರು. ಮನೆಗೆ ಬಂದವರ ಮುಂದೆ ಯಾರು ಅಳುತ್ತಾರೆ? ಎಲ್ಲರೂ "ಬರಾಬರ್ ಅದೀವ್ರಿ" ಅಂದಿದ್ದರು. ನಮ್ಮಲ್ಲಿ ಬರಾಬರ್ ಎಂದರೆ ಸರಿಯಾಗಿದೆ ಎಂದು. ತಜ್ಞರ ಹಿಂದಿಯಲ್ಲಿ ಸರಿಸಮಾನ. ನನ್ನನ್ನು ಕೇಳದೆ ಹಾಗೇ ಬರೆದುಕೊಂಡಿದ್ದರು. ಕೊನೆಯ ಸಭೆಯಲ್ಲಿ ಘೋಷಿಸಿದರು: "ಇಂಥ ಸಮಾನತೆ ಎಲ್ಲೂ ಕಂಡಿಲ್ಲ. ಊರು ಭದ್ರವಾಗಿದೆ, ದವಾಖಾನೆ ಬೇಡ."

ನಾನು ಕನ್ನಡದಲ್ಲಿ ಹೇಳುತ್ತಲೇ ಕುರಿ ಸಾಕುವ ಒಬ್ಬ ಅಜ್ಜಿ ಎದ್ದಳು. "ಈ ತಿಂಗಳದಾಗ ನನ್ನ ಆರು ಕುರಿ ಸತ್ತಾವ. ಇದು ಬರಾಬರ್ ಇಲ್ಲರಿ ಸಾಹೇಬ್ರ!"

ಹಿಂದಿದ್ದವರೂ ಕೂಗಿದರು: "ಬರಾಬರ್ ಇಲ್ಲ! ಬರಾಬರ್ ಇಲ್ಲ!"

ಅಷ್ಟು ದಿನದಲ್ಲಿ ತಜ್ಞರು ಕಲಿತಿದ್ದ ಒಂದೇ ಕನ್ನಡ ಪದ 'ಇಲ್ಲ'. ಅವರ ಮುಖ ಬಿಳಿಚಿತು. "ಒಂದೇ ಗಳಿಗೆಯಲ್ಲಿ ಇಷ್ಟೊಂದು ಅಸಮಾನತೆಯೇ?" ನಾನು ದತ್ತಾಂಶಕ್ಕೆ ಕೈ ಹಚ್ಚಲಿಲ್ಲ. ಅವರು ಅಂಕಿ ಬದಲಿಸಿದರು, ಪರದೆಯ ಮೇಲೆ ಎಕಂಬಾ ಕೆಂಪಾಯಿತು. 'ದಂಗೆಯ ಲಕ್ಷಣ, ದವಾಖಾನೆ ತಕ್ಷಣ ಕೊಡತಕ್ಕದ್ದು' ಎಂದು ಷರಾ ಬರೆದು ಸಹಿ ಹಾಕಿದರು.

"ಏನಂದ್ರಪ್ಪಾ?" ಅಜ್ಜಿ ಕೇಳಿದಳು.

"ದನದ ದವಾಖಾನಿ ಬರ್ತದಂತ, ಆಯಿ."

"ಛಲೋ ಆತು," ಅಂದಳು ಅಜ್ಜಿ, ತಜ್ಞರನ್ನೇ ನೋಡುತ್ತ. "ಬಾಗಿಲು ತೆಗೆದ ದಿನ ಮೊದಲ ಇವರನ್ನ ತೋರಿಸೂಣು."