ಎಡಗಡೆ ಸೈಲೆನ್ಸರಿನ ಸದ್ದು

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಸದ್ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಕೆಲವರು ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ ಎನ್ನುತ್ತಾರಲ್ಲ, ಆ ಜಾತಿಯ ಕೊರತೆ ಇದು. ಹೇಳಬೇಕೆಂಬ ಆಸೆಯೇನೋ ಎಲ್ಲರಷ್ಟೇ ಇದೆ. ಆದರೆ ಹೇಳಿದ ಕೂಡಲೇ ಕಿವಿ ಬಿಸಿಯಾಗುತ್ತದೆ, ಬೇಡದಿದ್ದರೂ ಎರಡು ವಾಕ್ಯ ಹೆಚ್ಚಿಗೆ ಮಾತಾಡುತ್ತೇನೆ, ಅಲ್ಲಿಗೆ ಸಿಕ್ಕಿಬೀಳುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ವಸುಧಾ ಮಾಡಿದ ಹಾಗಲಕಾಯಿ ಗೊಜ್ಜನ್ನು ಹೊಗಳಿದ್ದೆ. "ಇಷ್ಟ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನಿ, ಅದಕ್ಕ್ಯಾಕೆ ಇಷ್ಟುದ್ದ ಭಾಷಣ?" ಎಂದಿದ್ದಳು. ಇಂಥವನು ಐವತ್ತಮೂರನೆಯ ವಯಸ್ಸಿನಲ್ಲಿ, ಅದೂ ಹಬ್ಬದ ದಿನ, ತಲಘಟ್ಟಪುರದ ಒಂದು ಇಡೀ ಮನೆಯವರಿಗೆ ಒಟ್ಟಿಗೇ ಸುಳ್ಳು ಹೇಳಿಬಿಟ್ಟೆ. ಬಾಯಿಂದಲೂ ಅಲ್ಲ, ಮೋಟಾರ್ ಸೈಕಲ್ಲಿನ ಸದ್ದಿನಿಂದ. ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ವಸುಧಾಳ ತಂಗಿಗೆ ಬಾಡಿಗೆ ಮನೆ ನೋಡಲು ತಲಘಟ್ಟಪುರಕ್ಕೆ ಹೋದದ್ದೇ ಇದಕ್ಕೆಲ್ಲ ಮೂಲ. ಮನೆಯ ಮಾಲೀಕರು ಹನುಮಂತಪ್ಪನವರು. ಹಿಂದೆ ಬೇಸಾಯ ಮಾಡುತ್ತಿದ್ದವರು. ಈಗ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಮನೆ ನಾದಿನಿಗೆ ಒಪ್ಪಿಗೆಯಾಗಲಿಲ್ಲ. ನನಗೆ ಮಾತ್ರ ಪಾರ್ಕಿಂಗಿನ ಮೂಲೆಯಲ್ಲಿ ಟಾರ್ಪಾಲಿನಡಿ ನಿಂತಿದ್ದ ಹಳೆಯ ಮೋಟಾರ್ ಸೈಕಲ್ ಕಣ್ಣಿಗೆ ಬಿತ್ತು. ಎರಡೂ ಕಡೆ ಸೈಲೆನ್ಸರ್ ಇರುವ, ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾದ ಟೂ ಸ್ಟ್ರೋಕ್ ಗಾಡಿ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಅದನ್ನು ನನಗೆ ಕೊಡಿ, ನಾನೇ ಬಿಚ್ಚಿ, ಮನೆಯಲ್ಲೇ ಸರಿಮಾಡಿಕೊಳ್ಳುತ್ತೇನೆ ಎಂದೆ. ದುಡ್ಡಿನ ಮಾತೆತ್ತಿದರೆ ಹನುಮಂತಪ್ಪನವರು ಕೈ ಅಡ್ಡ ಮಾಡಿದರು. "ದುಡ್ಡು ಬ್ಯಾಡ ಸಾರ್. ನಮ್ಮನೇವ್ಳಿಗೆ ಈಗ ಕಣ್ಣು ಅಷ್ಟಾಗಿ ಕಾಣಾಕಿಲ್ಲ. ಗಾಡಿ ಸದ್ದು ಒಂದ್ಸಲ ಕೇಳ್ಬೇಕು ಅಂತಾ ಇರ್ತಾಳೆ. ರೆಡಿ ಆದ್ಮೇಲೆ ಒಂದ್ ದಪ ತಂದು ಕೇಳ್ಸ್‌ಬುಡಿ, ಸಾಕು." ಅವರ ಹೆಂಡತಿ ಗೌರಮ್ಮನವರು ಒಳಗಿನಿಂದಲೇ, "ಮೇಷ್ಟ್ರು ಅಂತೀರಿ, ಮಾಡ್ತಾರೆ ಬುಡಿ" ಎಂದರು. ಆ ನಂಬಿಕೆಗೆ ಉಬ್ಬಿಹೋದ ನಾನು ಎರಡೇ ತಿಂಗಳಲ್ಲಿ ಎಂದುಬಿಟ್ಟೆ.

ಉಬ್ಬಲು ಕಾರಣವೂ ಇತ್ತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಶಾಖಯಂತ್ರದ ಚಿತ್ರವನ್ನು ಬೋರ್ಡಿಗೆ ಬೆನ್ನು ಹಾಕಿಕೊಂಡೇ ಬಿಡಿಸಬಲ್ಲೆ. ಆದರೆ ಬೋರ್ಡಿನ ಎಂಜಿನ್ನಿಗೆ ತುಕ್ಕು ಹಿಡಿದ ನಟ್ಟುಗಳಿರುವುದಿಲ್ಲ. ತ್ಯಾಗರಾಜನಗರದ ನಮ್ಮ ಮನೆಯ ಪಕ್ಕದ ಓಣಿಯಲ್ಲಿ ಮೊದಲ ಭಾನುವಾರ ಕೂತವನು ಸಂಜೆಯ ಹೊತ್ತಿಗೆ ಮುಕ್ಕಾಲು ಗಾಡಿ ಬಿಚ್ಚಿ ಹಾಕಿದೆ. ಏನು ಉತ್ಸಾಹ ಅಂತೀರಿ! ಬಿಚ್ಚಿದ್ದನ್ನು ಇಡಲು ಅಡುಗೆಮನೆಯ ಡಬ್ಬಿಗಳೆಲ್ಲ ಬಂದವು. ಹುರಿಗಾಳಿನ ಡಬ್ಬಿಗೆ ಬೇರಿಂಗು, ಚಕ್ಕುಲಿ ಡಬ್ಬಿಗೆ ಪಿಸ್ಟನ್ನು, ಒಗ್ಗರಣೆ ಡಬ್ಬಿಯ ಪುಟ್ಟ ಬಟ್ಟಲುಗಳಲ್ಲಿ ಕಾರ್ಬೊರೇಟರಿನ ಸಣ್ಣ ಸಣ್ಣ ಸಾಮಾನು. ಇವನ್ನೆಲ್ಲ ಸಾಲಾಗಿ ಜೋಡಿಸಲು ಅಟ್ಟದ ಮೇಲಿದ್ದ ದಸರಾ ಗೊಂಬೆಯ ಮರದ ಮೆಟ್ಟಿಲುಗಳನ್ನು ಇಳಿಸಿದೆ. ಪಟ್ಟದ ಗೊಂಬೆಗಳು ಕೂರುವ ಮೇಲಿನ ಮೆಟ್ಟಿಲಿಗೆ ಎಂಜಿನ್ ಹತ್ತಿಸಿದೆ. ವಸುಧಾ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಹಬ್ಬಕ್ಕೆ ಮುಂಚೆ ಇದೆಲ್ಲ ಇಳೀಬೇಕು, ಹೇಳಿದೀನಿ" ಎಂದಳು.

ಅವಮಾನದ ಮೊದಲ ಕಂತು ಒಂದು ತಿಂಗಳಲ್ಲೇ ಬಂತು. ಎಷ್ಟು ಹುಡುಕಿದರೂ ಗಾಡಿಯ ಕಿಕ್ಕರ್ ಸಿಗಲಿಲ್ಲ. ಓಣಿ ಗುಡಿಸಿದೆ, ಡಬ್ಬಿಗಳನ್ನು ತಡಕಿದೆ, ಮನೆಗೆಲಸದ ಲಕ್ಷ್ಮಮ್ಮನನ್ನೂ ಕೇಳಿದೆ, ಅವಳು ಸಿಟ್ಟಾಗಿ ಒಂದು ದಿನ ನನ್ನೊಡನೆ ಮಾತು ಬಿಟ್ಟಳು. ಕೊನೆಗೆ ಹನುಮಂತಪ್ಪನವರಿಗೇ ಫೋನು ಮಾಡಿ, ಕಿಕ್ಕರ್ ನಿಮ್ಮಲ್ಲೇ ಉಳಿಯಿತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಕೆಮ್ಮಿದರು. ಅದು ನಗು ತಡೆದ ಕೆಮ್ಮು ಎಂದು ಆಮೇಲೆ ತಿಳಿಯಿತು. "ಸಾರ್, ಆ ಗಾಡಿಗೆ ಗೇರ್ ಕಡ್ಡೀನೇ ಕಿಕ್ಕರು. ಒಳಿಕ್ಕೆ ಒತ್ತಿ ಮೇಲಿಕ್ಕೆ ಎತ್ತಿ, ನಿಂತ್ಕೊತೈತೆ." ಒತ್ತಿದೆ, ಎತ್ತಿದೆ, ನಿಂತುಕೊಂಡಿತು. ಮಾರನೆಯ ದಿನ ತರಗತಿಯಲ್ಲಿ ಸನ್ನೆಗೋಲಿನ ಪಾಠ ಮಾಡುವಾಗ ದನಿ ಏಳಲೇ ಇಲ್ಲ.

ಸಿದ್ದಾಪುರದಲ್ಲಿ ನಯಾಜ್ ಭಾಯ್ ಎಂಬ ಹಳೆಯ ಮೆಕ್ಯಾನಿಕ್ ಇದ್ದಾರೆ. ಇಂಥ ಗಾಡಿಗಳ ಬಿಡಿಭಾಗ ಅವರಲ್ಲಿ ಸಿಗುತ್ತದೆ. ನಾನು ಹೋದಾಗಲೆಲ್ಲ, "ಗಾಡಿ ಇಲ್ಲಿಗೇ ತಂದುಬಿಡಿ ಸಾರ್" ಎನ್ನುತ್ತಿದ್ದರು. ನಾನೇ ಮಾಡಬೇಕು ಭಾಯ್ ಎಂದರೆ, ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ" ಎಂದು ಕೆಲಸಕ್ಕೆ ತಿರುಗುತ್ತಿದ್ದರು. ಅವರು ಹಾಗೆಂದಷ್ಟೂ ನನ್ನ ಹಟ ಹೆಚ್ಚಾಯಿತು, ಕೆಲಸ ಮಾತ್ರ ಹೆಚ್ಚಾಗಲಿಲ್ಲ. ಎರಡು ತಿಂಗಳು ಹೋಗಿ ಎಂಟು ತಿಂಗಳಾಯಿತು.

ದಸರಾ ಬಂತು. ಗೊಂಬೆಗಳು ಮೆಟ್ಟಿಲೇರಿದವು, ನನ್ನ ಎಂಜಿನ್ನು ಸ್ನಾನದ ಬಕೆಟ್ಟಿಗೆ ಇಳಿಯಿತು. ಆಯುಧಪೂಜೆಯ ದಿನ ಬೀದಿಯವರೆಲ್ಲ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುತ್ತಿದ್ದರು. ವಸುಧಾ ನನ್ನ ಡಬ್ಬಿಗಳಿಗೆ, ಬಕೆಟ್ಟಿಗೆ, ಗೋಡೆಗೊರಗಿದ್ದ ಎರಡು ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದೊಂದಕ್ಕೂ ಒಂದೊಂದು ಹೂ ಇಟ್ಟಳು. ಮುಚ್ಚಳಗಳಿಗೆ ಹೂ ಸಾಲದೆ ಬಂತು. ಆಗಲೇ ಹನುಮಂತಪ್ಪನವರ ಫೋನು ಬಂದದ್ದು.

"ಪೂಜೆ ಆಯ್ತಾ ಸಾರ್? ನಮ್ಮನೇಲಿ ಎಲ್ಲಾ ಸೇರವ್ರೆ. ಅಳಿಯಂದ್ರು, ಬೀಗರು, ಎಲ್ಲಾ. ಗಾಡಿ ಓಡ್ತಿದ್ದಾಗ ವರ್ಷವರ್ಷಾನೂ ಇವತ್ತು ಸ್ಟಾರ್ಟ್ ಮಾಡಿ ನಿಂಬೆಹಣ್ಣು ಹತ್ತಿಸ್ತಿದ್ವಿ. ಫೋನಾಗೇ ಒಂಚೂರು ಕೇಳ್ಸಿ, ಸ್ಪೀಕರ್ ಹಾಕಿವ್ನಿ." ಬಿಚ್ಚಿಟ್ಟಿದ್ದೇನೆ, ಇನ್ನೂ ಆಗಿಲ್ಲ ಎಂದು ಹೇಳುವುದಕ್ಕೆ ಎಷ್ಟು ಉಸಿರು ಬೇಕು? ಬಾಯಿ ತೆರೆದೆ. ಆದರೆ ಹಿಂದಿನಿಂದ ಗೌರಮ್ಮನವರು, "ಎಲ್ಲಾ ಸುಮ್ಕಿರ್ರಿ, ಕೇಳ್ಬೇಕು ನಾನು" ಎಂದು ಮನೆಯವರನ್ನು ಗದರಿದ್ದು ಕೇಳಿಸಿತು. ಅಷ್ಟೂ ಜನರ ಮುಂದೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಒಂದು ನಿಮಿಷ ಎಂದವನೇ ವಸುಧಾಳ ಮೊಬೈಲ್ ಕಿತ್ತುಕೊಂಡು ಅದೇ ಮಾದರಿ ಗಾಡಿಯ ವಿಡಿಯೊ ಹುಡುಕಿ, ನನ್ನ ಫೋನಿನ ಬಾಯಿಗೆ ಹಿಡಿದೆ. ಮೊದಲು ಬಂದದ್ದು ಜಾಹೀರಾತು. "ನಿಮಗೆ ಮಂಡಿನೋವೇ? ಇನ್ನು ಚಿಂತೆ ಬಿಡಿ!" ಪಕ್ಕದ ಮನೆ ಟಿವಿ ಎಂದೆ, ಅವರದ್ದು ಯಾವಾಗಲೂ ಜೋರು ಎಂದೆ, ಹೊಸ ಟಿವಿ ಎಂದೂ ಸೇರಿಸಿದೆ. ಅಷ್ಟರಲ್ಲಿ ವಿಡಿಯೊದ ಗಾಡಿ ಸ್ಟಾರ್ಟ್ ಆಗಿ ಟುಬ್ ಟುಬ್ ಟುಬ್ ಎಂದು ನುಣ್ಣಗೆ ಓಡಿತು.

ಆಚೆ ಕಡೆ ಗೌರಮ್ಮನವರು ಏನೋ ಹೇಳಹೊರಟರು. "ಸುಮ್ಕಿರು" ಎಂದ ಹನುಮಂತಪ್ಪನವರು ನನಗೆ, "ಚೆನ್ನಾಗೈತೆ ಸಾರ್" ಎಂದರು. ಮನೆಯವರು ಚಪ್ಪಾಳೆ ತಟ್ಟಿದರು. ಫೋನ್ ಇಟ್ಟು ತಿರುಗಿದರೆ ಕುಂಕುಮದ ಬಟ್ಟಲು ಹಿಡಿದು ವಸುಧಾ ನಿಂತಿದ್ದಾಳೆ. ಬೈದಿದ್ದರೆ ವಾಸಿಯಿತ್ತು. "ಪಾಪ ರೀ ಅವರು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವತ್ತಿನ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನಾಚಿಕೆಯಿಂದ ಒಂದು ಉಪಕಾರವಾಯಿತು, ಕೆಲಸ ಶುರುವಾಯಿತು. ತಲಘಟ್ಟಪುರವಿರುವ ಕನಕಪುರ ರಸ್ತೆಯ ಕಡೆ ತಲೆಹಾಕುವುದನ್ನೇ ಬಿಟ್ಟೆ. ಆ ಕಡೆ ಮದುವೆಗಳಿಗೆ ವಸುಧಾ ಒಬ್ಬಳೇ ಹೋದಳು. ಭಾನುವಾರಗಳೆಲ್ಲ ಓಣಿಯಲ್ಲೇ ಕಳೆದವು. ಬೆರಳುಗಳ ಗ್ರೀಸು ಹೋಗದೆ ಉತ್ತರ ಪತ್ರಿಕೆಗಳ ಮೇಲೆಲ್ಲ ನನ್ನ ಹೆಬ್ಬೆಟ್ಟು ಬಿತ್ತು. ಆಷಾಢದ ಹೊತ್ತಿಗೆ ಎಂಜಿನ್ ಕೂತಿತು, ಚಕ್ರ ಕೂತವು, ಉಳಿದದ್ದು ಸೈಲೆನ್ಸರ್ ಮಾತ್ರ. ಮಸಿ ತೆಗೆಸಲು ಅವನ್ನು ನಯಾಜ್ ಭಾಯ್ ಬಳಿಗೆ ಒಯ್ದೆ. ಅವರು ಎಡಗಡೆಯದನ್ನು ಎತ್ತಿ, ದುರ್ಬೀನಿನಂತೆ ಕಣ್ಣಿಗೆ ಹಿಡಿದು ನೋಡಿದರು.

"ಇದ್ರೊಳಗೆ ಪೈಪೇ ಇಲ್ವಲ್ಲ ಸಾರ್. ಸದ್ದು ತಡೆಯೋಕೆ ತೂತುತೂತಿನ ಪೈಪ್ ಇರುತ್ತೆ, ಬಲಗಡೆ ಇದೆ ನೋಡಿ. ಇದ್ರದ್ದು ಯಾರೋ ಬೇಕಂತಲೇ ತೆಗ್ದಿದಾರೆ. ಈ ಗಾಡಿ ಸೌಂಡೇ ಬೇರೆ. ಒಂದ್ ಮೈಲಿಗೆ ಗೊತ್ತಾಗುತ್ತೆ."

ಕಿವಿ ಬಿಸಿಯಾಯಿತು. ನಾನು ಕೇಳಿಸಿದ ಆ ನುಣುಪಾದ ಟುಬ್ ಟುಬ್ ಈ ಗಾಡಿಯ ಬಾಯಿಂದ ಬರಲು ಸಾಧ್ಯವೇ ಇರಲಿಲ್ಲ. ಈಗ ಹಾಗೇ ಒಯ್ದರೆ ಸುಳ್ಳು ಬಯಲಾಗುತ್ತದೆ. ಹೊಸ ಪೈಪು ಹಾಕಿದರೆ ಗಾಡಿ ನನ್ನ ಸುಳ್ಳಿನಂತೆಯೇ ಮಾತಾಡುತ್ತದೆ. ಆ ಅಮ್ಮ ಕೇಳಬೇಕೆಂದಿದ್ದು ತಮ್ಮ ಗಾಡಿಯ ಸದ್ದನ್ನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, "ಒಂದು ಪೈಪ್ ಕೊಡಿ ಭಾಯ್" ಎಂದೆ. ಇಷ್ಟು ನಾಚಿಕೆಗೆಟ್ಟ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ನಾನು ಇನ್ನೊಂದು ಮಾಡಿಲ್ಲ.

ಗಾಡಿ ಮೊದಲ ಸಲ ಸ್ಟಾರ್ಟ್ ಆದಾಗ ಓಣಿಯಲ್ಲೆಲ್ಲ ಹೊಗೆ ತುಂಬಿ, ಎದುರು ಮನೆಯ ಆಂಟಿ ಸೊಳ್ಳೆ ಹೊಗೆ ಬಿಡುವವರು ಬಂದರೆಂದು ಕಿಟಕಿ ಹಾಕಿಕೊಂಡರು. ಮುಂದಿನ ಭಾನುವಾರ ತಲಘಟ್ಟಪುರಕ್ಕೆ ಹೊರಟೆ. ಬನಶಂಕರಿ ಸಿಗ್ನಲ್ಲಿನಲ್ಲಿ ಒಮ್ಮೆ, ಸಾರಕ್ಕಿಯಲ್ಲಿ ಒಮ್ಮೆ ನಿಂತಿತು. ಹಿಂದಿನಿಂದ ಆಟೋದವನು, "ಅಂಕಲ್, ಮ್ಯೂಸಿಯಂ ಆ ಕಡೆ!" ಎಂದ. ಅಂತೂ ತಲುಪಿದೆ. ಹನುಮಂತಪ್ಪನವರು ಗೇಟಿಗೆ ಓಡಿಬಂದು ಟ್ಯಾಂಕಿನ ಮೇಲೆ ಕೈಯಾಡಿಸಿದರು. ಗೌರಮ್ಮನವರು ಗೋಡೆ ಹಿಡಿದು ನಿಧಾನ ಬಂದು, ತಲೆ ಒಂದು ಪಕ್ಕ ವಾಲಿಸಿ ಕೇಳಿದರು. ಮುಖ ಅರಳಲಿಲ್ಲ.

"ಇದು ನಮ್ ಗಾಡಿ ಅಲ್ಲ ಕಣಪ್ಪಾ."

"ನಂಬರ್ ಪ್ಲೇಟ್ ನಮ್ದೇ ಕಣೇ" ಎಂದರು ಹನುಮಂತಪ್ಪನವರು.

"ನಂಬರು ನಂಗೇನು ಕಂಡಾತಾ? ಅವತ್ತು ಹಬ್ಬದ ದಿನ ಫೋನಾಗೆ ಬಂದಿದ್ದೂ ಇದೇ ಸದ್ದು. ಅವತ್ತೇ ಅಲ್ಲ ಅನ್ನಾಕೆ ಹೋದೆ, ಇವ್ರು ಸುಮ್ಕಿರು ಅಂದ್ರು."

ಎಂಜಿನ್ ಆಫ್ ಮಾಡಿದೆ. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ವಿಡಿಯೊ, ಬಕೆಟ್ಟು, ಪೈಪು ಎಲ್ಲ ಹೇಳಿಬಿಟ್ಟೆ. ತಪ್ಪಾಯಿತಮ್ಮ ಎಂದೆ. ಹನುಮಂತಪ್ಪನವರು ನನಗಿಂತ ಹೆಚ್ಚು ಸಂಕೋಚಪಟ್ಟು ನೆಲ ನೋಡಿದರು. "ನಂಗೂ ಗೊತ್ತಿತ್ತು ಬುಡಿ ಸಾರ್. ಗಾಡಿಗೆಲ್ಲಾದ್ರೂ ಮಂಡಿನೋವು ಬತ್ತದಾ? ಬೀಗರೆಲ್ಲಾ ಕೂತಿದ್ರು, ಅವ್ರ ಮುಂದೆ ಮೇಷ್ಟ್ರ ಮರ್ವಾದೆ ಯಾಕೆ ಹೋಗ್ಬೇಕು ಅಂತ ಚೆನ್ನಾಗೈತೆ ಅಂದೆ." ನನ್ನ ಮಾನ ಉಳಿಸಲು ಅವರು ಹೇಳಿದ್ದ ಸುಳ್ಳು ಒಂದೇ ಮಾತಿನದು, ಒಂಬತ್ತು ತಿಂಗಳು ನಿಂತಿತ್ತು.

ಅವರೇ ಒಳಗಿನಿಂದ ಸ್ಪ್ಯಾನರ್ ತಂದು, ಎಡಗಡೆ ಸೈಲೆನ್ಸರಿನ ತುದಿ ಬಿಚ್ಚಿ ಪೈಪು ಎಳೆದು ನನ್ನ ಕೈಗಿತ್ತರು. "ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಬರೋವಾಗ ಕೆರೆ ತಿರುವಿನಾಗೇ ಇವ್ಳಿಗೆ ಕೇಳ್ಲಿ ಅಂತ ನಾನೇ ತೆಗ್ದಿದ್ದು ಸಾರ್. ಸದ್ದು ಕೇಳಿ ಎಸರಿಗಿಡೋಳು. ಬರೋಹೊತ್ಗೆ ಬಿಸಿ ಮುದ್ದೆ." ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಬಲಗಡೆ ಟುಬ್ ಟುಬ್, ಎಡಗಡೆ ಗಂಟಲು ಕಟ್ಟಿದವರ ಹಾಗೆ ಭರಭರ. ಮೇಲಿನ ಬಾಡಿಗೆದಾರರೆಲ್ಲ ಬಾಲ್ಕನಿಗೆ ಬಂದರು. ಗೌರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆ ಹಿಡಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದಲೇ, "ಎಸರಿಗಿಟ್ಟಿವ್ನಿ, ಮೇಷ್ಟ್ರು ಉಂಡ್ಕಂಡೇ ಹೋಗ್ಲಿ" ಎಂದರು. ಎರಡು ಮುದ್ದೆ ಉಂಡೆ. ಮೂರನೆಯದಕ್ಕೆ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಗಾಡಿ ಈಗ ನಮ್ಮ ಓಣಿಯಲ್ಲಿದೆ. ತಿಂಗಳಿಗೊಮ್ಮೆ ತಲಘಟ್ಟಪುರಕ್ಕೆ ಹೋಗಿ ಉಂಡು ಬರುತ್ತೇನೆ. ಪೈಪನ್ನು ಎಸೆಯೋಣವೆಂದಿದ್ದೆ, ವಸುಧಾ ಇಸಿದುಕೊಂಡಳು. ಈ ಸಲದ ದಸರಾದಲ್ಲಿ ಅದನ್ನು ತಿಕ್ಕಿ ತೊಳೆದು, ಗೊಂಬೆ ಮೆಟ್ಟಿಲಿನ ಮೇಲೆ ಶೆಟ್ಟಿ ದಂಪತಿಯ ಗೊಂಬೆಗಳ ಪಕ್ಕದಲ್ಲಿ ನಿಲ್ಲಿಸಿದಳು. ಗೊಂಬೆ ನೋಡಲು ಬಂದ ಹೆಂಗಸರು ಅದೇನೆಂದು ಕೇಳದೆ ಬಿಡುತ್ತಾರೆಯೇ? ಕೋಣೆಯ ಬಾಗಿಲ ಹಿಂದೆ ಪತ್ರಿಕೆ ಹಿಡಿದು ಕೂತ ನನಗೆ ಒಂಬತ್ತು ದಿನವೂ ಚರ್ಪಿನ ತಿಂಡಿ ಹಂಚುತ್ತಾ ಅವಳು ಕೊಟ್ಟ ಉತ್ತರ ಕೇಳಿಸಿತು.

"ಅದಾ? ಅದು ನಮ್ಮನೆಯವ್ರು ಹೇಳಿದ ಸುಳ್ಳು. ಚರ್ಪು ತಗೊಳ್ಳಿ."