ಆರು ಮೀಟರ್ ಮೂವತ್ತರ ಮಹಾಸಮರ

ಕಲ್ಲಿಗಿಂತ ಕಾಗದವೇ ಗಟ್ಟಿಯೆನಿಸಿದ ಈ ಕಾಂಕ್ರೀಟುಯುಗದಲ್ಲಿ, ಗದಗ ನಗರದ ಅಂಚಿನಲ್ಲಿ ಏಳುತ್ತಿದ್ದ ವಿದ್ಯಾರ್ಥಿನಿಲಯದ ಅಡುಗೆಮನೆಯೆಂಬ ರಣಾಂಗಣದಲ್ಲಿ ನಡೆದ ಘೋರ ಸಂಗ್ರಾಮವನ್ನು ಹಾಡಿಸಲು ಬಾ, ತಾಯಿ ವಾಗ್ದೇವಿ. ಸಿಮೆಂಟಿನ ಧೂಳಿದೆ, ಸೆರಗು ಜೋಪಾನ.

ನಕ್ಷಾಹೃದಯವೇದಿ, ಇಷ್ಟಿಕಾಗಣನಾನಿಪುಣ, ಅಳತೆಪುಸ್ತಕಧುರಂಧರ ಫಕೀರೇಶ ಮುಳಗುಂದನೇ ಈ ಕಥೆಯ ನಾಯಕ. ಎಂಜಿನಿಯರು ಗೆರೆ ಎಳೆಯುವರು, ಗೌಂಡಿಗಳು ಗೋಡೆ ಎಬ್ಬಿಸುವರು. ಗೆರೆಗೆ ಎಷ್ಟು ಇಟ್ಟಿಗೆ ಬೇಕು, ಎದ್ದ ಗೋಡೆ ಗೆರೆಯಷ್ಟೇ ಇದೆಯೇ ಎಂದು ತೀರ್ಪು ಕೊಡುವವನು ಕ್ವಾಂಟಿಟಿ ಸರ್ವೇಯರನಾದ ಈತನೊಬ್ಬನೇ. ಅಳತೆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದರೆ ಗೀಟು ಹೊಡೆದು ಪಕ್ಕದಲ್ಲಿ ರುಜು ಹಾಕಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಫಕೀರೇಶನ ಪುಸ್ತಕ ಒಂದು ಗೀಟನ್ನೂ ಕಂಡಿರಲಿಲ್ಲ. ಈ ಸಂಗತಿ ಅವನ ಹೆಂಡತಿಗೆ ಬಾಯಿಪಾಠವಾಗಿತ್ತು, ಪಾಪ.

ಅವನ ದಿವ್ಯಾಯುಧವಾದ ಉಕ್ಕಿನ ಟೇಪು ಹಿಂದಿನ ವಾರ ಮೂತಿ ಮುರಿದುಕೊಂಡಿತ್ತು. ಸೊನ್ನೆಯ ಕೊಕ್ಕೆಯೇ ಇಲ್ಲವಾದ್ದರಿಂದ, ಹತ್ತು ಸೆಂಟಿಮೀಟರಿನ ಗುರುತನ್ನು ಗೋಡೆಗೆ ಹಿಡಿದು, ಬಂದ ಅಳತೆಯಲ್ಲಿ ಹತ್ತು ಕಳೆಯಬೇಕು. “ಹತ್ತರ ಮ್ಯಾಲ ಹಿಡೀರಿ, ದಾವಲಸಾಬ್ರ” ಎಂದು ಬೆಳಿಗ್ಗೆಯೇ ಅವನು ಮುಖ್ಯ ಗೌಂಡಿಗೆ ಆಜ್ಞಾಪಿಸಿದ್ದ. ಮೂರು ಗೋಡೆಗಳು ಸರಿಯಾಗಿ ಅಳೆದು ಮುಗಿದವು. ನಾಲ್ಕನೆಯ ಅಡ್ಡಗೋಡೆಗೆ ಬರುವ ಹೊತ್ತಿಗೆ ಚಹಾ ಬಂದಿತು, ಚಹಾದ ಜೊತೆಗೆ ತನ್ನ ಕೀರ್ತಿಯ ಮಾತೂ ಬಂದಿತು, ಮಾತಿನ ಭರದಲ್ಲೇ ಅವನು ಪುಸ್ತಕದಲ್ಲಿ ಬರೆದ: ಆರು ಮೀಟರ್ ಮೂವತ್ತು.

ನಕ್ಷೆಯಲ್ಲಿದ್ದುದು ಆರು ಇಪ್ಪತ್ತು! ಹತ್ತು ಸೆಂಟಿಮೀಟರು ಮುಂದೆ ಚಾಚಿದ ಗೋಡೆ ಅನ್ನದ ಹಂಡೆ ದಾಟುವ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಮಧ್ಯಾಹ್ನ ಬರುವ ಎಂಜಿನಿಯರು ಒಡೆಸದೆ ಬಿಡರು.

“ಗ್ವಾಡಿ ಹೆಚ್ಚಾಗೇತಿ. ಒಡೀಬೇಕ” ಎಂದು ಫಕೀರೇಶ ಗುಡುಗಿದ.

ದಾವಲಸಾಬನ ಬಿಳಿಗಡ್ಡ ನಡುಗಿತು. ಅವನ ಕೈಯ ಗೋಡೆಯನ್ನು ಈವರೆಗೆ ಯಾರೂ ಒಡೆಸಿರಲಿಲ್ಲ. “ಮೂವತ್ತ ವರ್ಷ ಕಟ್ಟೀನ್ರಿ ಸಾಹೇಬ್ರ. ನನ್ನ ಗ್ವಾಡಿ ಮಳಿ ಕೆಡವಿಲ್ಲ, ಗಾಳಿ ಕೆಡವಿಲ್ಲ, ಈಗ ನಿಮ್ಮ ಟೇಪು ಕೆಡವತೈತೇನ್ರಿ? ದಾರ ಹಿಡದ ಕಟ್ಟೀನಿ. ಒಂದ ಅಕ್ಕಿಕಾಳಿನಷ್ಟು ಹೆಚ್ಚ ಬಂದ್ರ ಮತ್ತ ಕರಣಿ ಮುಟ್ಟಂಗಿಲ್ಲ!”

“ಎಂಟ ಸಾಲಿ, ಮೂರ ದವಾಖಾನಿ, ಒಂದ ಜೇಲು ಅಳದ ಕೈ ಇದು! ನನ್ನ ಪುಸ್ತಕದಾಗ ಗೀಟು ಬಿದ್ದ ದಿನಾ ಮೀಸಿ ಬೋಳಿಸ್ತೀನಿ!”

ಗಾರೆ ಕಲಸುತ್ತಿದ್ದ ಹೆಂಗಸರು ಸಲಿಕೆ ನಿಲ್ಲಿಸಿ ನೋಡಿದರು. ಮತ್ತೆ ಅಳೆದರು: ಆರು ಮೂವತ್ತು. ಮತ್ತೊಮ್ಮೆ: ಆರು ಮೂವತ್ತೇ. ಮುದುಕನ ಕಣ್ಣಲ್ಲಿ ನೀರಾಡಿತು. ಗೆದ್ದವನಿಗೂ ಯಾಕೋ ಸುಖವೆನಿಸಲಿಲ್ಲ. ಆದರೂ, ಗೌಂಡಿ ತುದಿಯನ್ನು ಸಡಿಲ ಬಿಡುತ್ತಿರಬಹುದೆಂಬ ಸಂಶಯದಿಂದ, ಪರಾಕ್ರಮಿಯು ತಾನೇ ಆ ಕಡೆಗೆ ನಡೆದು ಟೇಪಿನ ತುದಿಯನ್ನು ಗೋಡೆಯ ಮೂಲೆಗೆ ಒತ್ತಿದ.

“ಹತ್ತರ ಮ್ಯಾಲ ಹಿಡೀರಿ ಸಾಹೇಬ್ರ” ಎಂದು ಈಗ ಅವನ ಜಾಗದಲ್ಲಿ ನಿಂತಿದ್ದ ದಾವಲಸಾಬ ಇನ್ನೊಂದು ತುದಿಯಿಂದ ಕೂಗಿ ಹೇಳಿದ, “ಮುಂಜಾನಿ ನೀವ ಹೇಳೀರಲ್ಲ. ನಾ ಅಂತೂ ಮೂರೂ ಸಲ ಹಂಗ ಹಿಡದೀನಿ.”

ಫಕೀರೇಶ ಹತ್ತರ ಗುರುತಿಗೆ ಸರಿಸಿದ ತನ್ನ ಹೆಬ್ಬೆರಳನ್ನು ನೋಡಿದ. ಅದರ ಹಿಂದೆ ಕೊಕ್ಕೆಯಿಲ್ಲದ ಹತ್ತು ಸೆಂಟಿಮೀಟರು ಸುಮ್ಮನೆ ಜೋತುಬಿದ್ದಿತ್ತು. ಎಂಟು ಶಾಲೆ, ಮೂರು ದವಾಖಾನೆ, ಒಂದು ಜೈಲು ಅಳೆದವನಿಗೆ ಮೂವತ್ತರಲ್ಲಿ ಹತ್ತು ಕಳೆಯಲು ಬಹಳ ಹೊತ್ತು ಹಿಡಿಯಿತು. ಅವನ ಕಿವಿಗಳು ಕೆಂಪಾದವು.

ಅವನು ಮರಳಿನ ಗುಡ್ಡೆಯ ಮೇಲೆ ಕೂತು, ಪುಸ್ತಕ ತೆರೆದು, ಇಪ್ಪತ್ತೆರಡು ವರ್ಷಗಳ ಮೊದಲ ಗೀಟನ್ನು ಎಳೆದ. ಪಕ್ಕದಲ್ಲಿ ಆರು ಇಪ್ಪತ್ತು ಎಂದು ಬರೆದು ರುಜು ಹಾಕಿದ. “ತಪ್ಪಾತ್ರಿ, ದಾವಲಸಾಬ್ರ” ಎಂದ, ಟೇಪಿಗೆ ಹೇಳಿದಷ್ಟು ಮೆಲ್ಲಗೆ. ಮೀಸೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ದಾವಲಸಾಬ ಬಗ್ಗಿ, ಒಂದು ಕಣ್ಣು ಮುಚ್ಚಿ, ಗೋಡೆಯನ್ನು ನೋಡುವ ಹಾಗೆಯೇ ಪುಸ್ತಕವನ್ನು ನೋಡಿದ.

“ಗೀಟ ಭಾಳ ನೆಟ್ಟಗ ಬಂದೈತ್ರಿ ಸಾಹೇಬ್ರ” ಎಂದ. “ಚಹಾ ಕುಡೀರಿ, ಆರತೈತಿ.”